ಗಂಗಾಮೂಲದಿಂದ ಕೇಡಗಾಂವಕ್ಕೆ: ಪಂಡಿತಾ ರಮಾಬಾಯಿ ಮತ್ತು ಕ್ರೈಸ್ತ ಸಭೆ

ಪುಣೆಯಿಂದ ಸೊಲ್ಲಾಪುರದ ದಾರಿಯಾಗಿ ಕಲಬುರಗಿಗೋ ಬೆಂಗಳೂರಿಗೋ ಹೋಗುವ ನಮ್ಮವರು ದೌಂಡ ಜಂಕ್ಷನ್ ಬರುವುದಕ್ಕೆ ಮುಂಚೆ ಕೇಡಗಾಂವ ಎಂಬ ಒಂದು ಸಣ್ಣ ನಿಲ್ದಾಣವನ್ನು ದಾಟುತ್ತಾರೆ. ಆ ಹೊತ್ತಿಗೆ ಕೆಲವರು ಬುತ್ತಿ ಬಿಚ್ಚಿರುತ್ತಾರೆ, ಕೆಲವರು ಮಕ್ಕಳಿಗೆ ಜಾಗ ಮಾಡಿಕೊಡುವುದರಲ್ಲಿರುತ್ತಾರೆ. ಕಿಟಕಿಯ ಹೊರಗೆ ನೋಡುವವರು ಕಡಿಮೆ. ಆದರೆ ಕನ್ನಡ ನೆಲದಲ್ಲಿ ಹುಟ್ಟಿ, ಪುಣೆಯಲ್ಲಿ ಹೆಸರು ಮಾಡಿ, ಪುಣೆಯಿಂದಲೇ ದೂರವಾಗಿ, ಜಗತ್ತಿನ ಮೂರು ಖಂಡಗಳಲ್ಲಿ ಮಾತಾಡಿ ಬಂದ ಒಬ್ಬ ಹೆಣ್ಣುಮಗಳು ತನ್ನ ಕೊನೆಯ ಇಪ್ಪತ್ತೈದು ವರ್ಷಗಳನ್ನು ಆ ಊರಿನಲ್ಲಿಯೇ ಕಳೆದಳು. ಪಂಡಿತಾ ರಮಾಬಾಯಿ ಸರಸ್ವತಿಯವರೆಂದರೆ ಆ ಹೆಣ್ಣುಮಗಳು.

ರಾಜ್ಯೋತ್ಸವದ ಸಂಚಿಕೆಯಲ್ಲಿ ಕ್ರೈಸ್ತ ಸಭೆಯ ಇತಿಹಾಸವೇಕೆ ಎಂದು ವಾಚಕರು ಕೇಳಬಹುದು. ಇದು ಮತಪ್ರಚಾರವೂ ಅಲ್ಲ, ಮತಖಂಡನೆಯೂ ಅಲ್ಲ. ಸಭೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬಿಷಪ್ಪರ ಪಟ್ಟಿಯನ್ನೂ ಇಗರ್ಜಿಗಳ ಅಸ್ತಿಭಾರದ ವರ್ಷಗಳನ್ನೂ ಹೇಳುತ್ತಾರೆ. ಸಭೆಯನ್ನು ಟೀಕಿಸುವವರು ಮತಾಂತರಗಳ ಎಣಿಕೆಯನ್ನು ಹೇಳುತ್ತಾರೆ. ಸಭೆಯೊಳಗೆ ತಾನಾಗಿಯೇ ಹೋಗಿ, ಒಳಗೆ ನಿಂತುಕೊಂಡೇ ಅದರ ಹಿರಿಯರನ್ನು ಪ್ರಶ್ನಿಸಿದ ವ್ಯಕ್ತಿಯ ಕತೆ ಈ ಎರಡರಲ್ಲಿಯೂ ಸಿಕ್ಕುವುದಿಲ್ಲ. ಆ ಕತೆಯ ಒಂದು ತುದಿ ನಮ್ಮ ನಾಡಿನಲ್ಲಿದೆ, ಇನ್ನೊಂದು ತುದಿ ನಾವು ಈಗ ನೆಲೆಸಿರುವ ಊರಿನಲ್ಲಿದೆ. ಆದ್ದರಿಂದ ಅದನ್ನು ತಿಳಿದುಕೊಳ್ಳುವುದು ನಮಗೆ ಉಚಿತವಾಗಿದೆ.

ಗಂಗಾಮೂಲದ ಮನೆ

ತುಂಗೆ, ಭದ್ರೆ, ನೇತ್ರಾವತಿ ಈ ಮೂರು ನದಿಗಳ ಹುಟ್ಟಿನ ಸ್ಥಳವೆಂದು ಹೆಸರಾದ ಗಂಗಾಮೂಲವು ಕುದುರೆಮುಖದ ಬೆಟ್ಟಸಾಲಿನಲ್ಲಿದೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ಆ ಕಾಡಿನ ನಡುವೆ ಒಂದು ಆಶ್ರಮದಂಥ ಮನೆಯಲ್ಲಿ ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ. ಕಾರ್ಕಳದ ಬಳಿಯ ಮಾಳ ಗ್ರಾಮದಲ್ಲಿ ಬಹುಕಾಲದಿಂದ ನೆಲೆಸಿರುವ ಚಿತ್ಪಾವನ ಮನೆತನಗಳಲ್ಲಿ ಇವರದೂ ಒಂದು. ಮನೆಯೊಳಗಿನ ಮಾತು ಮರಾಠಿ. ಹೊರಗಿನ ನೆಲ ಕನ್ನಡ ಮತ್ತು ತುಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬದುಕುತ್ತಿರುವ ನಮಗೆ ಆ ಮನೆಯ ಸ್ಥಿತಿಯನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ನಮ್ಮದು ಅದೇ ಸ್ಥಿತಿ, ದಿಕ್ಕು ಮಾತ್ರ ಬೇರೆ.

ಅನಂತಶಾಸ್ತ್ರಿಗಳು ತರುಣರಾಗಿದ್ದಾಗ ಪುಣೆಗೆ ಬಂದು ರಾಮಚಂದ್ರಶಾಸ್ತ್ರಿ ಸಾಠೆಯವರ ಬಳಿ ಓದಿದರು. ಈ ಗುರುಗಳು ಎರಡನೆಯ ಬಾಜೀರಾಯ ಪೇಶವೆಯ ಪತ್ನಿಗೆ ಸಂಸ್ಕೃತವನ್ನು ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಸಂಸ್ಕೃತ ಶ್ಲೋಕಗಳನ್ನು ನಿರರ್ಗಳವಾಗಿ ಹೇಳಬಲ್ಲಳೆಂಬುದು ಶಿಷ್ಯನ ಮನಸ್ಸಿನಲ್ಲಿ ನಾಟಿತು. ಮುಂದೆ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಲು ತೊಡಗಿದಾಗ ಮನೆಯವರೂ ಊರವರೂ ಒಪ್ಪಲಿಲ್ಲ. ಕಾಡಿನೊಳಗೆ ಮನೆ ಮಾಡಿಕೊಂಡದ್ದಕ್ಕೆ ಈ ವಿರೋಧವೂ ಒಂದು ಕಾರಣ. ಪಂಡಿತರ ಮುಂದೆ ತಮ್ಮ ನಡತೆಯನ್ನು ಶಾಸ್ತ್ರಾಧಾರದಿಂದ ಸಮರ್ಥಿಸಿಕೊಳ್ಳುವ ಪ್ರಸಂಗವೂ ಅವರಿಗೆ ಬಂದಿತ್ತು. ಹೀಗೆ ನಮ್ಮ ಕಥಾನಾಯಿಕೆಯ ವಿದ್ಯೆಯ ಬೀಜವು ಪುಣೆಯಿಂದ ಹೋಗಿ ಗಂಗಾಮೂಲದಲ್ಲಿ ಮೊಳೆಯಿತೆಂದು ಹೇಳಬೇಕು.

ಆಶ್ರಮದಲ್ಲಿ ವಿದ್ಯಾರ್ಥಿಗಳಿಗೂ ಅತಿಥಿಗಳಿಗೂ ಅನ್ನ ಹಾಕಿ ಶಾಸ್ತ್ರಿಗಳು ಸಾಲಗಾರರಾದರು. ಮಗು ಆರು ತಿಂಗಳದ್ದಿರುವಾಗ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಮಗುವನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟವನ್ನು ಇಳಿದರು. ಆಮೇಲೆ ಹದಿನಾರು ವರ್ಷ ಊರೂರು ತಿರುಗಾಟ. ಗುಡಿಗಳಲ್ಲಿ, ನದೀತೀರಗಳಲ್ಲಿ ಪುರಾಣ ಹೇಳುವುದೇ ಜೀವನೋಪಾಯ. ತಾಯಿಯೇ ಮಗಳ ಗುರು. ಮರಾಠಿಯ ಜೊತೆಗೆ ಕನ್ನಡ, ಹಿಂದುಸ್ತಾನಿಗಳನ್ನೂ, ಮುಂದೆ ಬಂಗಾಳಿಯನ್ನೂ ರಮಾಬಾಯಿಯವರು ಈ ದಾರಿಯ ಮೇಲೆಯೇ ಕಲಿತರು.

೧೮೭೪ರ ಬರಗಾಲದಲ್ಲಿ ಕೆಲವೇ ವಾರಗಳ ಅಂತರದಲ್ಲಿ ತಂದೆತಾಯಿಗಳು ತೀರಿಕೊಂಡರು, ಅಕ್ಕನೂ ಉಳಿಯಲಿಲ್ಲ. ಅಣ್ಣ ಶ್ರೀನಿವಾಸ ಮತ್ತು ತಂಗಿ ನಡೆಯುತ್ತ ನಡೆಯುತ್ತ ೧೮೭೮ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾದ ಅಲ್ಲಿಯ ವಿದ್ವಾಂಸರು 'ಪಂಡಿತಾ' ಎಂದೂ 'ಸರಸ್ವತಿ' ಎಂದೂ ಬಿರುದುಗಳನ್ನು ಕೊಟ್ಟರು. ೧೮೮೦ರಲ್ಲಿ ಅಣ್ಣ ತೀರಿದ. ಅದೇ ವರ್ಷ ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಳಿ ವಕೀಲರೊಡನೆ ಜಾತಿಯನ್ನು ಮೀರಿದ ಮದುವೆಯಾಯಿತು. ಮಗಳು ಮನೋರಮಾ ಹುಟ್ಟಿ ವರ್ಷ ತುಂಬುವ ಮೊದಲೇ, ೧೮೮೨ರ ಫೆಬ್ರುವರಿಯಲ್ಲಿ, ಗಂಡನು ವಾಂತಿಭೇದಿಗೆ ತುತ್ತಾದ. ಇಪ್ಪತ್ತಮೂರನೆಯ ವಯಸ್ಸಿನ ವಿಧವೆ ಕೈಗೂಸನ್ನೆತ್ತಿಕೊಂಡು ಪುಣೆಗೆ ಬಂದರು.

ಪುಣೆಯ ಇಗರ್ಜಿಗಳು

ಪುಣೆ ಅವರನ್ನು ಆದರದಿಂದ ಬರಮಾಡಿಕೊಂಡಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೂ ಅವರ ಗೆಳೆಯರೂ ಬೆಂಬಲಕ್ಕೆ ನಿಂತರು. ೧೮೮೨ರಲ್ಲಿ 'ಆರ್ಯ ಮಹಿಳಾ ಸಮಾಜ' ಹುಟ್ಟಿತು. 'ಸ್ತ್ರೀಧರ್ಮನೀತಿ' ಎಂಬ ಅವರ ಮೊದಲ ಮರಾಠಿ ಪುಸ್ತಕ ಹೊರಬಂತು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಹೆಂಗಸರೇ ಶಿಕ್ಷಕಿಯರಾಗಬೇಕು, ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕು ಎಂದು ಸಾಕ್ಷ್ಯ ಹೇಳಿದರು. ವೈದ್ಯವಿದ್ಯೆಯನ್ನು ತಾವೇ ಕಲಿಯಬೇಕೆಂಬ ಆಸೆಯೂ ಅವರಲ್ಲಿ ಮೂಡಿತು. ವಿಲಾಯತಿಯ ದಾರಿ ತೆರೆದದ್ದು ಪುಣೆಯಲ್ಲಿದ್ದ ಕ್ರೈಸ್ತ ಸಂನ್ಯಾಸಿನಿಯರ ಮೂಲಕ. ಈ ಸಂನ್ಯಾಸಿನಿಯರು ಯಾರು ಎಂಬುದನ್ನು ತಿಳಿಯಲು ಸಭೆಯ ರಚನೆಯನ್ನು ಸ್ವಲ್ಪ ನೋಡಬೇಕು.

ಸಭೆಯೆಂದರೆ ಕಟ್ಟಡವಲ್ಲ, ಭಕ್ತರ ಸಮುದಾಯ. ಅದು ಎಂದೂ ಒಂದೇ ಆಗಿ ಉಳಿದಿಲ್ಲ. ರೋಮಿನ ಪೋಪರನ್ನು ಮುಖ್ಯರೆಂದು ಒಪ್ಪುವ ಕಥೋಲಿಕರು ಪುಣೆಯಲ್ಲಿ ಪೇಶವೆಯರ ಕಾಲದಿಂದಲೂ ಇದ್ದಾರೆ. ಪೇಶವೆಯ ದಂಡಿನಲ್ಲಿದ್ದ ಕ್ರೈಸ್ತರಿಗಾಗಿ ಸವಾಯಿ ಮಾಧವರಾಯನು ಕೊಟ್ಟ ಜಾಗದಲ್ಲಿ ೧೭೯೨ರಲ್ಲಿ ಆರಂಭವಾದ ಇಗರ್ಜಿ ಕ್ವಾರ್ಟರ್ ಗೇಟಿನ ಬಳಿ ಇಂದಿಗೂ ಇದೆ. ಇಂಗ್ಲೆಂಡಿನ ಅರಸ ಎಂಟನೆಯ ಹೆನ್ರಿ ೧೫೩೪ರಲ್ಲಿ ಪೋಪರಿಂದ ಬೇರೆಯಾಗಿ ತಾನೇ ಸಭೆಗೆ ಮುಖ್ಯನಾದ. ಅದು ಆಂಗ್ಲಿಕನ್ ಸಭೆ. ದಂಡಿನ ಊರಿನಲ್ಲಿರುವ ಸೇಂಟ್ ಮೇರಿ ಇಗರ್ಜಿ ಈ ಸಭೆಯದು. ೧೮೨೫ರಲ್ಲಿ ಬಿಷಪ್ ಹೀಬರರು ಅದನ್ನು ಪ್ರತಿಷ್ಠೆ ಮಾಡಿದರು. ಬಿಷಪ್, ಅವನ ಕೆಳಗೆ ಪಾದ್ರಿಗಳು, ಅವರ ಕೆಳಗೆ ಭಕ್ತರು ಎಂಬ ಮೆಟ್ಟಿಲುಗಳನ್ನು ಮಾತ್ರ ಆಂಗ್ಲಿಕನ್ ಸಭೆ ಹಳೆಯ ರೀತಿಯಲ್ಲಿಯೇ ಉಳಿಸಿಕೊಂಡಿತು. ೧೮೩೩ರಿಂದ ಆಕ್ಸ್‌ಫರ್ಡಿನಲ್ಲಿ ಎದ್ದ ಚಳವಳಿಯೊಂದು ಹಳೆಯ ಪೂಜಾವಿಧಿಗಳನ್ನೂ ಸಂನ್ಯಾಸವನ್ನೂ ಈ ಸಭೆಗೆ ಮರಳಿ ತರಲು ಯತ್ನಿಸಿತು. ಅದರ ಫಲವಾಗಿ ೧೮೪೮ರಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಸಂನ್ಯಾಸಿನಿಯರ ಮಠ ಸ್ಥಾಪಿತವಾಯಿತು. ಆ ಮಠದ ಸೋದರಿಯರು ೧೮೭೦ರ ದಶಕದ ಕೊನೆಗೆ ಪುಣೆಗೆ ಬಂದು ಶಾಲೆಗಳನ್ನೂ ಶುಶ್ರೂಷೆಯನ್ನೂ ನಡೆಸತೊಡಗಿದರು.

ಗುರುವಾರ ಪೇಠೆಯಲ್ಲಿ ಅವರು ನೆಲೆಸಿದ ಜಾಗಕ್ಕೆ ಪಂಚಹೌದ ಎಂದು ಹೆಸರು. ಐದು ನೀರಿನ ಹೌದುಗಳಿದ್ದುದರಿಂದ ಬಂದ ಹೆಸರು. ೧೮೮೦ರ ದಶಕದಲ್ಲಿ ಅಲ್ಲಿ ಎದ್ದ ಇಗರ್ಜಿಯನ್ನು ಊರವರು 'ಪವಿತ್ರ ನಾಮ ದೇವಾಲಯ' ಎಂದು ಕರೆಯುತ್ತಾರೆ. ಅದರ ಎತ್ತರದ ಗಂಟೆಗೋಪುರವನ್ನು ಪೇಠೆಯ ಕಡೆ ಹೋದವರೆಲ್ಲ ನೋಡಿರುತ್ತೀರಿ. ಹೆಸರಿನಲ್ಲಿ 'ದೇವಾಲಯ' ಇದೆ, 'ನಾಮ'ವಿದೆ. ಆಕಾರವೂ ಗಂಟೆಯೂ ಯುರೋಪಿನವು. ಬಂದ ಸಭೆಯು ಇಲ್ಲಿಯ ಮಾತನ್ನು ಎಷ್ಟು ಹಿಡಿಯಬೇಕು, ತನ್ನ ಊರಿನದನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಆ ಕಟ್ಟಡದಲ್ಲಿಯೇ ಕಾಣುತ್ತದೆ. ರಮಾಬಾಯಿಯವರು ಮುಂದೆ ಕೇಳಿದ ಪ್ರಶ್ನೆಯೂ ಅದೇ.

ವಾಂಟೇಜಿನ ಮಠದಲ್ಲಿ

೧೮೮೩ರಲ್ಲಿ ಮಗಳು ಮನೋರಮೆಯನ್ನೂ ಆನಂದಿಬಾಯಿ ಭಗತ್ ಎಂಬ ಗೆಳತಿಯನ್ನೂ ಕರೆದುಕೊಂಡು ರಮಾಬಾಯಿಯವರು ಹಡಗು ಹತ್ತಿದರು. ಮತಾಂತರಳಾಗುವುದಿಲ್ಲವೆಂದು ಹೇಳಿಯೇ ಹೊರಟಿದ್ದರು. ವಾಂಟೇಜಿನಲ್ಲಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆನಂದಿಬಾಯಿ ದುರ್ಮರಣಕ್ಕೀಡಾದರು. ಸ್ವಲ್ಪ ಕಾಲದಲ್ಲಿಯೇ, ಸೆಪ್ಟೆಂಬರ್ ೨೯ರಂದು, ರಮಾಬಾಯಿಯವರು ಮಗಳೊಡನೆ ದೀಕ್ಷಾಸ್ನಾನವನ್ನು ಪಡೆದರು. ದುಃಖದಲ್ಲಿದ್ದವರನ್ನು ಸಭೆ ಸೆಳೆದುಕೊಂಡಿತೆಂದು ಟೀಕಾಕಾರರು ಅಂದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಮೊದಲೇ, ಬಂಗಾಳದಲ್ಲಿದ್ದಾಗಲೇ, ಸ್ತ್ರೀಯರಿಗೂ ಶೂದ್ರರಿಗೂ ವೇದಾಧಿಕಾರವಿಲ್ಲವೆಂಬ ಮಾತಿನಿಂದ ಅವರ ಹಳೆಯ ನಂಬಿಕೆ ಸಡಿಲಿತ್ತು. ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಅಲ್ಲಿಯ ಮನೆಯಲ್ಲಿಯೇ ಅವರ ಕೈಗೆ ಸಿಕ್ಕಿತ್ತು. ಚಿತ್ಪಾವನ ಪಂಡಿತರಾಗಿದ್ದು ಪಾದ್ರಿಯಾದ ನೆಹೆಮ್ಯಾ ಗೋರೆಯವರ ಬರಹಗಳ ಪ್ರಭಾವವೂ ಇತ್ತು. ಒಂದೇ ಕಾರಣದಿಂದ ಮತ ಬದಲಿಸುವವರು ವಿರಳ.

ಪುಣೆಯಲ್ಲಿ ಸುದ್ದಿ ತಿಳಿದು ಗದ್ದಲವೆದ್ದಿತು. ಬೆಂಬಲಿಸಿದವರಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆಯವರು ಒಬ್ಬರು. ೧೮೮೫ರ 'ಸತ್ಸಾರ'ದಲ್ಲಿ ಅವರು ರಮಾಬಾಯಿಯವರ ಪಕ್ಷ ವಹಿಸಿ ಬರೆದರು.

ಊರಿನವರು ಕಾಣದೆ ಹೋದದ್ದು ಇನ್ನೊಂದಿತ್ತು. ಸಭೆಗೆ ಸೇರಿದ ಮರುದಿನದಿಂದಲೇ ರಮಾಬಾಯಿಯವರು ಸಭೆಯೊಡನೆ ವಾದಕ್ಕೆ ನಿಂತಿದ್ದರು. ಅವರಿಗೆ ಧರ್ಮಮಾತೆಯಾಗಿದ್ದ ಸೋದರಿ ಜೆರಾಲ್ಡಿನ್ ಅವರೊಡನೆ ನಡೆದ ಪತ್ರವ್ಯವಹಾರವು ೧೯೭೭ರಲ್ಲಿ ಮಹಾರಾಷ್ಟ್ರದ ಸಾಹಿತ್ಯ ಸಂಸ್ಕೃತಿ ಮಂಡಳದಿಂದ ಅಚ್ಚಾಗಿದೆ. ಓದಿದರೆ ಆಶ್ಚರ್ಯವಾಗುತ್ತದೆ. ಮಠದವರು ವಿಧೇಯತೆಯನ್ನು ಬಯಸಿದರು; ಇವರು ಕಾರಣವನ್ನು ಕೇಳಿದರು. ಏಕದೇವನಲ್ಲಿ ಮೂರು ರೂಪಗಳೆಂಬ ತತ್ತ್ವವನ್ನು ಬೈಬಲಿನಲ್ಲಿ ತೋರಿಸಿಕೊಡಿರಿ ಎಂದರು. ನಮ್ಮ ನಾಡಿನ ಪುರೋಹಿತರ ನೊಗವನ್ನು ಕಷ್ಟಪಟ್ಟು ಇಳಿಸಿ ಬಂದವಳು ಅಂಥದೇ ಇನ್ನೊಂದು ನೊಗಕ್ಕೆ ಕುತ್ತಿಗೆ ಕೊಡಲಾರೆನೆಂಬುದು ಅವರ ವಾದದ ತಾತ್ಪರ್ಯ. ಮಾಂಸಾಹಾರವನ್ನು ಒಪ್ಪಲಿಲ್ಲ, ಶಾಕಾಹಾರವನ್ನು ಬಿಟ್ಟರೆ ಮಾತ್ರ ನಿಜವಾದ ಕ್ರೈಸ್ತಳೆಂಬುದು ಎಲ್ಲಿ ಬರೆದಿದೆ ಎಂಬುದು ಅವರ ನಿಲುವು.

ಕೊರಳಲ್ಲಿ ಧರಿಸುವ ಶಿಲುಬೆಯ ಪ್ರಸಂಗವಂತೂ ನೆನಪಿನಲ್ಲಿಡತಕ್ಕದ್ದು. ಅದರ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು. ತನಗೆ ತಿಳಿಯದ ಲ್ಯಾಟಿನ್ನಿಗಿಂತ ತನ್ನ ದೇಶದ ಸಂಸ್ಕೃತದಲ್ಲಿ ಬರೆಯಿಸಿದರೆ ಏನು ಅಪವಿತ್ರವಾಗುತ್ತದೆ ಎಂದು ರಮಾಬಾಯಿಯವರು ಕೇಳಿದರು. ನೋಡಲು ಇದು ಚಿಕ್ಕ ಆಭರಣದ ಮಾತು. ಆದರೆ ಸಭೆಯ ಕಲೆ, ಸಂಗೀತ, ಕಟ್ಟಡ, ಪ್ರಾರ್ಥನೆ ಇವೆಲ್ಲವೂ ಯಾರ ಅಕ್ಷರದಲ್ಲಿರಬೇಕೆಂಬ ದೊಡ್ಡ ಪ್ರಶ್ನೆ ಅದರಲ್ಲಿ ಅಡಗಿದೆ. ಸಂಸ್ಕೃತದ ವೇದವನ್ನು ಮುಟ್ಟಬಾರದೆಂದು ಹೇಳಿಸಿಕೊಂಡ ಹೆಂಗಸು ಅದೇ ಸಂಸ್ಕೃತಕ್ಕಾಗಿ ಇಂಗ್ಲೆಂಡಿನಲ್ಲಿ ವಾದಿಸಿದಳೆಂಬುದು ಯೋಚಿಸತಕ್ಕ ವಿಷಯ.

ಕಿವಿ ಮಂದವಾದ್ದರಿಂದ ವೈದ್ಯವಿದ್ಯೆಯ ಆಸೆ ಕೈಗೂಡಲಿಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ, ಗಣಿತವನ್ನೂ ವಿಜ್ಞಾನವನ್ನೂ ಕಲಿತರು. ಗಂಡಸರಿಗೆ ಸಂಸ್ಕೃತ ಪಾಠ ಹೇಳುವ ಸಂದರ್ಭ ಬಂದಾಗ ಬಿಷಪ್ಪರು ಬೇಡವೆಂದರು. ಭಾರತದಲ್ಲಿ ಇವಳ ಹೆಸರು ಕೆಟ್ಟೀತು ಎಂಬ ಕಾರಣವನ್ನು ಕೊಟ್ಟರು. ಕಲಕತ್ತೆಯ ಸಭೆಗಳಲ್ಲಿ ಗಂಡಸರ ಮುಂದೆ ನಿಂತು ಮಾತಾಡಿದವರಿಗೆ ಇದು ಹೇಗೆ ಸಹ್ಯವಾದೀತು? ಅವರು ಬಲವಾಗಿ ಪ್ರತಿಭಟಿಸಿದರು. ಹಿಂದೂ ಸಮಾಜದಲ್ಲಿ ಕಂಡ ಗೋಡೆಯೇ ಇಲ್ಲಿಯೂ ಇದೆಯೆಂಬುದು ಆಗ ಅವರಿಗೆ ತಿಳಿದಿರಬೇಕು.

ಶಾರದಾ ಸದನದ ವಿವಾದ

೧೮೮೬ರಲ್ಲಿ ರಮಾಬಾಯಿಯವರು ಅಮೇರಿಕೆಗೆ ಹೋದರು. ಪುಣೆಯ ಕಡೆಯ ಇನ್ನೊಬ್ಬ ಹೆಣ್ಣುಮಗಳು, ಆನಂದಿಬಾಯಿ ಜೋಶಿ, ಫಿಲಡೆಲ್ಫಿಯದಲ್ಲಿ ವೈದ್ಯಪದವಿ ಪಡೆಯುವ ಸಮಾರಂಭವನ್ನು ನೋಡುವುದು ಮೊದಲ ಉದ್ದೇಶ. ಉಳಿದದ್ದು ಎರಡು ವರ್ಷಕ್ಕೂ ಹೆಚ್ಚು. ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ೧೮೮೭ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ದೊಡ್ಡ ಹೆಸರು ಪಡೆಯಿತು. ಬಾಲವಿಧವೆಯರಿಗಾಗಿ ಒಂದು ಶಾಲೆ ನಡೆಸಲು ಹತ್ತು ವರ್ಷ ಹಣ ಕೊಡುವೆವೆಂದು ಬೋಸ್ಟನ್ನಿನಲ್ಲಿ ಒಂದು ಸಂಘ ಕೂಡಿತು. ಈ ಪ್ರಚಾರದಲ್ಲಿ ಹಿಂದೂ ವಿಧವೆಯರ ಚಿತ್ರ ಅತಿಯಾಯಿತೆಂದು ಸ್ವಾಮಿ ವಿವೇಕಾನಂದರು ಮುಂದೆ ಅಮೇರಿಕೆಯಲ್ಲಿ ಆಕ್ಷೇಪಿಸಿದರು.

೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ 'ಶಾರದಾ ಸದನ' ತೆರೆಯಿತು. ಇಲ್ಲಿ ಮತಬೋಧೆ ಇಲ್ಲವೆಂಬುದು ನಿಯಮ. ರಾನಡೆ, ಭಾಂಡಾರಕರ ಮೊದಲಾದವರು ಸಲಹಾ ಮಂಡಳಿಯಲ್ಲಿದ್ದರು. ೧೮೯೦ರ ನವೆಂಬರಿನಲ್ಲಿ ಸದನ ಪುಣೆಗೆ ಬಂತು.

ಬಂದ ಗಳಿಗೆ ಒಳ್ಳೆಯದಾಗಿರಲಿಲ್ಲ. ಹಿಂದಿನ ತಿಂಗಳಷ್ಟೇ ಪಂಚಹೌದದ ಮಿಶನ್ನಿನಲ್ಲಿ ಒಂದು ಉಪನ್ಯಾಸ ನಡೆದಿತ್ತು; ಮುಗಿದ ಮೇಲೆ ಚಹಾ ಕೊಟ್ಟರು. ಹೋದವರಲ್ಲಿ ರಾನಡೆಯವರೂ ಲೋಕಮಾನ್ಯ ತಿಲಕರೂ ಇದ್ದರು. ಆನಂದಿಬಾಯಿ ಜೋಶಿಯವರ ಪತಿ ಗೋಪಾಳರಾವ್ ಜೋಶಿಯವರು ಹೋದವರ ಹೆಸರುಗಳನ್ನು 'ಪುಣೆ ವೈಭವ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ನಲವತ್ತಕ್ಕೂ ಹೆಚ್ಚು ಮಂದಿಯ ಮೇಲೆ ದೂರು ಶಂಕರಾಚಾರ್ಯರವರೆಗೆ ಹೋಯಿತು. ಪ್ರಾಯಶ್ಚಿತ್ತದ ಮಾತು ಎದ್ದಿತು. ರಾನಡೆಯಂಥವರೂ ೧೮೯೨ರಲ್ಲಿ ಪ್ರಾಯಶ್ಚಿತ್ತಕ್ಕೆ ಒಪ್ಪಿದರು. ಒಂದು ಬಟ್ಟಲು ಚಹಾ ಎರಡು ವರ್ಷ ಕುದಿದ ಊರಿನಲ್ಲಿ, ಕ್ರೈಸ್ತಳಾದ ಬ್ರಾಹ್ಮಣ ವಿಧವೆಯೊಬ್ಬಳು ಬ್ರಾಹ್ಮಣ ಬಾಲವಿಧವೆಯರ ಶಾಲೆ ನಡೆಸುವುದೆಂದರೆ ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ರಮಾಬಾಯಿಯವರು ಬೆಳಗ್ಗೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂಡತೊಡಗಿದರು. 'ಕೇಸರಿ' ಪತ್ರಿಕೆ ಕಟುವಾಗಿ ಟೀಕಿಸಿತು. ೧೮೯೩ರಲ್ಲಿ ರಾನಡೆ, ಭಾಂಡಾರಕರರು ಮಂಡಳಿಯಿಂದ ಹೊರಬಿದ್ದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು.

ಇಲ್ಲಿ ಯಾರದು ಸರಿ? ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು. ಒಂದು ಬಾಬಿಗೆ ಬಂದ ಹಣವನ್ನು ಇನ್ನೊಂದು ಬಾಬಿಗೆ ಹಾಕಬಾರದೆಂಬುದು ನಮ್ಮ ಮೊದಲ ಪಾಠ. ಮತಬೋಧೆ ಇಲ್ಲವೆಂದು ಹೇಳಿ ಮಕ್ಕಳನ್ನು ಕರೆದ ಮೇಲೆ ಆ ಮಾತನ್ನು ಅಕ್ಷರಶಃ ನಡೆಸಬೇಕೆಂದು ತಂದೆತಾಯಿಗಳು ಕೇಳಿದ್ದು ನ್ಯಾಯವೇ. ಎಳೆಯ ಹುಡುಗಿ ತನ್ನನ್ನು ಸಾಕುವವಳ ಪ್ರಾರ್ಥನೆಯನ್ನು ಕಂಡು ಒಲಿದರೆ ಅದು ಸ್ವತಂತ್ರವಾದ ಆಯ್ಕೆಯೆಂದು ಪೂರ್ತಿ ಹೇಳಲಾಗದು. ಆದರೆ ರಮಾಬಾಯಿಯವರ ಪಕ್ಷದಲ್ಲಿಯೂ ಮಾತಿದೆ: ತನ್ನ ಮನೆಯಲ್ಲಿ ತಾನು ಬಾಗಿಲು ಮುಚ್ಚಿಕೊಂಡು ಕಳ್ಳಳಂತೆ ಪ್ರಾರ್ಥಿಸಬೇಕೆ? ಹಿಂದೂ ಹುಡುಗಿಯರಿಗೆ ತಮ್ಮ ಆಚಾರಗಳನ್ನು ನಡೆಸಲು ಸದನದಲ್ಲಿ ಅಡ್ಡಿಯಿರಲಿಲ್ಲ. ಇನ್ನೂ ಒಂದು ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಸದನದಿಂದ ಬಿಡಿಸಿಕೊಂಡು ಹೋದ ಹುಡುಗಿಯರಿಗೆ ಟೀಕಾಕಾರರು ಆ ದಿನ ಬೇರೆ ಯಾವ ಶಾಲೆಯನ್ನು ತೋರಿಸಿದರು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಮಹರ್ಷಿ ಧೋಂಡೋ ಕೇಶವ ಕರ್ವೆಯವರು. ಶಾರದಾ ಸದನದ ವಿದ್ಯಾರ್ಥಿನಿಯಾಗಿದ್ದ ವಿಧವೆ ಗೋದೂಬಾಯಿಯವರನ್ನು ಅವರು ಅದೇ ೧೮೯೩ರಲ್ಲಿ ಮದುವೆಯಾದರು. ಮುಂದೆ ಹಿಂಗಣೆಯಲ್ಲಿ ವಿಧವೆಯರ ಆಶ್ರಮವನ್ನೂ ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದರು. ಒಳ್ಳೆಯ ಟೀಕೆಯೆಂದರೆ ಇಂಥದು ಎಂದು ನನಗೆ ತೋರುತ್ತದೆ.

ಕೇಡಗಾಂವ

೧೮೯೬–೯೭ರ ಬರಗಾಲದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ರಮಾಬಾಯಿಯವರು ಹಸಿದ ಹುಡುಗಿಯರನ್ನು ಕರೆತಂದರು. ತಂದೆತಾಯಿಗಳನ್ನು ಬರಗಾಲದಲ್ಲಿ ಕಳೆದುಕೊಂಡವರಿಗೆ ಆ ಹಸಿವು ಕೇಳಿ ತಿಳಿದದ್ದಾಗಿರಲಿಲ್ಲ. ಪುಣೆಯಲ್ಲಿ ಆಗ ಪ್ಲೇಗು. ಅಷ್ಟು ಮಂದಿಯನ್ನು ಊರಿನಲ್ಲಿಡುವಂತಿರಲಿಲ್ಲ. ಮೊದಲೇ ಕೊಂಡಿದ್ದ ಕೇಡಗಾಂವದ ಹೊಲಕ್ಕೆ ಎಲ್ಲರನ್ನೂ ಕರೆದೊಯ್ದರು. ಪ್ಲೇಗಿನ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಆಗುತ್ತಿದ್ದ ಅನ್ಯಾಯವನ್ನು ಕುರಿತು ೧೮೯೭ರಲ್ಲಿ ಅವರು 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದ ಪತ್ರವು ಗವರ್ನರರನ್ನೂ ಕೆರಳಿಸಿತು. ಕ್ರೈಸ್ತಳಾದವಳು ಸರಕಾರದ ಕೈಗೊಂಬೆಯೆಂದು ಹೇಳುತ್ತಿದ್ದವರಿಗೆ ಇದು ತಕ್ಕ ಉತ್ತರವಾಯಿತು.

ಹೀಗೆ 'ಮುಕ್ತಿ' ಎಂಬ ಸಂಸ್ಥೆ ಹುಟ್ಟಿತು. ೧೮೯೮ರಲ್ಲಿ ಹತ್ತು ವರ್ಷದ ಕರಾರು ಮುಗಿದ ಮೇಲೆ ಹಳೆಯ ನಿಯಮವೂ ಮುಗಿಯಿತು. ಮುಕ್ತಿ ಕ್ರೈಸ್ತ ಸಂಸ್ಥೆಯೆಂದು ಅವರು ಬಹಿರಂಗವಾಗಿಯೇ ಹೇಳಿದರು. ೧೯೦೦ರ ಗುಜರಾತಿನ ಬರಗಾಲದ ನಂತರ ಅಲ್ಲಿದ್ದವರ ಸಂಖ್ಯೆ ಸುಮಾರು ೨೦೦೦. ನೇಯ್ಗೆ, ಹೊಲಗೆಲಸ, ಹೈನು, ಎಣ್ಣೆಯ ಗಾಣ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ೧೮೯೯ರಲ್ಲಿ ದೊಡ್ಡ ಪ್ರಾರ್ಥನಾಮಂದಿರಕ್ಕೆ ಅಸ್ತಿಭಾರ ಬಿತ್ತು. ಮುಕ್ತಿಯನ್ನು ಆಂಗ್ಲಿಕನ್ ಸಭೆಗಾಗಲಿ ಬೇರೆ ಯಾವ ಪಂಥಕ್ಕಾಗಲಿ ಅವರು ಬರೆದುಕೊಡಲಿಲ್ಲ. ಯಾವ ಬಿಷಪ್ಪನೂ ಅಲ್ಲಿಯ ಒಡೆಯನಾಗಲಿಲ್ಲ. ವಾಂಟೇಜಿನಲ್ಲಿ ಪತ್ರಗಳಲ್ಲಿ ಬರೆದದ್ದನ್ನು ಕೇಡಗಾಂವದಲ್ಲಿ ನಡೆಸಿ ತೋರಿಸಿದರು. ೧೯೦೫ರಲ್ಲಿ ಮುಕ್ತಿಯ ಪ್ರಾರ್ಥನೆಗಳಲ್ಲಿ ಹುಡುಗಿಯರು ಅಳುತ್ತ, ಮೈಮರೆಯುತ್ತ ಭಾವಾವೇಶಕ್ಕೆ ಒಳಗಾದ ಸುದ್ದಿ ದೇಶವಿದೇಶಗಳಲ್ಲಿ ಹಬ್ಬಿತು. ಈ ಸಲ ಅನುಮಾನಪಟ್ಟವರಲ್ಲಿ ಕ್ರೈಸ್ತರೇ ಅನೇಕರಿದ್ದರು.

ಅವರ ಕೊನೆಯ ಕೆಲಸ ಬೈಬಲಿನ ಅನುವಾದ. ಇದ್ದ ಮರಾಠಿ ಬೈಬಲು ಓದು ಕಡಿಮೆಯಾದ ಹೆಂಗಸರಿಗೆ ಕಠಿಣವೆಂದು ಅವರು ಕಂಡರು. ಸಂಸ್ಕೃತದ ಭಾರವಿಲ್ಲದ ಸರಳ ಮರಾಠಿಯಲ್ಲಿ ಬರೆಯಬೇಕೆಂದು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಅನುವಾದಿಸಿದರು. ಮೊಳೆ ಜೋಡಿಸಿದವರು ಬರಗಾಲದಿಂದ ಉಳಿದು ಬಂದ ಹೆಣ್ಣುಮಕ್ಕಳು. ಶಿಲುಬೆಗೆ ಸಂಸ್ಕೃತ ಬೇಕೆಂದ ಪಂಡಿತೆಯೇ ಕಡೆಗೆ ಓದು ಬಾರದ ಹೆಂಗಸರಿಗಾಗಿ ಸಂಸ್ಕೃತವನ್ನು ಇಳಿಸಿದರು. ೧೯೨೧ರಲ್ಲಿ ಮಗಳು ಮನೋರಮಾ ತೀರಿದರು. ೧೯೨೨ರ ಏಪ್ರಿಲ್ ೫ರಂದು ತಾಯಿ. ಪೂರ್ತಿ ಬೈಬಲು ಹೊರಬಂದದ್ದು ೧೯೨೪ರಲ್ಲಿ. ಮುಕ್ತಿ ಇಂದಿಗೂ ನಡೆದಿದೆ.

ಕನ್ನಡ ನಾಡಿನಲ್ಲಿ

ಇದೇ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೂ ಉತ್ತರಗಳು ಹುಟ್ಟುತ್ತಿದ್ದವು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇಂಗ್ಲಿಷರಲ್ಲ, ಜರ್ಮನರು, ಸ್ವಿಸ್ಸರು. ಊರಿನ ಮಾತನ್ನು ಕಲಿಯದೆ ಕೆಲಸವಾಗದೆಂದು ಅವರು ತಿಳಿದರು. ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಫರ್ಡಿನಾಂಡ್ ಕಿಟ್ಟೆಲರು ೧೮೬೨ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕತೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು; ೧೮೯೪ರಲ್ಲಿ ಅವರ ನಿಘಂಟು ಅಚ್ಚಾಯಿತು. ಬೋಧಿಸಬೇಕೆಂದು ಬಂದವರು ಕಲಿಯುವವರಾದರು. ಮತಪ್ರಚಾರದ ಉದ್ದೇಶವನ್ನು ಮರೆತು ಅವರನ್ನು ಹೊಗಳಬೇಕಾಗಿಲ್ಲ. ಆ ಉದ್ದೇಶ ಇತ್ತೆಂದು ನಿಘಂಟನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಒಂದು ವ್ಯತ್ಯಾಸವುಂಟು. ಕಿಟ್ಟೆಲರು ಹೊರಗಿನಿಂದ ಬಂದು ನಮ್ಮ ಭಾಷೆಯನ್ನು ಸಭೆಗೆ ತಂದರು. ರಮಾಬಾಯಿಯವರು ಒಳಗಿನವರಾಗಿ, ತನ್ನ ಭಾಷೆಗೆ ಅಲ್ಲಿ ಸ್ಥಾನ ಕೊಡಿರೆಂದು ಹಕ್ಕಿನಿಂದ ಕೇಳಿದರು.

ರಮಾಬಾಯಿಯವರಿಗೂ ಹುಟ್ಟಿದ ನಾಡಿನ ಕಡೆಗೆ ಮತ್ತೊಮ್ಮೆ ಕೈಚಾಚುವ ಅವಕಾಶ ಬಂತು. ೧೯೧೨–೧೩ರ ಸುಮಾರಿಗೆ, ಆಗ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ ಅವರು ಶಾಲೆಯನ್ನು ತೆರೆದರು. ಮನೋರಮಾ ಅದರ ಮುಖ್ಯಸ್ಥೆಯಾದರು. ಪುಣೆಯಿಂದ ನಮ್ಮ ಜನ ಕಲಬುರಗಿಗೆ ಹೋಗುವ ಅದೇ ರೈಲುದಾರಿಯಲ್ಲಿಯೇ ತಾಯಿಮಗಳ ಕೆಲಸ ಕನ್ನಡ ನಾಡಿಗೆ ಮರಳಿತು.

ಸಭೆಯ ಆಡಳಿತವೂ ಆಮೇಲೆ ಬದಲಾಯಿತು. ಸ್ವಾತಂತ್ರ್ಯ ಬಂದ ೧೯೪೭ರಲ್ಲಿಯೇ ಕೆಲವು ಪಂಥಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ೧೯೭೦ರಲ್ಲಿ ಉತ್ತರ ಭಾರತ ಸಭೆಯಾಯಿತು. ಪಂಚಹೌದದ ಇಗರ್ಜಿ ಈಗ ಈ ಎರಡನೆಯ ಸಭೆಗೆ ಸೇರಿದೆ. ಸಂಸ್ಕೃತ ಅಕ್ಷರದ ಶಿಲುಬೆಯನ್ನು ಕೇಳಿದ ಹೆಂಗಸಿನ ಮಾತು ಅವಿಧೇಯತೆಯಾಗಿ ಕಂಡ ಕಾಲ ಹೋಗಿ, ಸಭೆಯು ತನ್ನನ್ನು ತಾನೇ ಭಾರತದ ಹೆಸರಿನಿಂದ ಕರೆದುಕೊಳ್ಳುವ ಕಾಲ ಬಂತು.

ಅವರು ಯಾರವರು?

ಪುಣೆಯ ಪಂಡಿತರು ರಮಾಬಾಯಿಯವರನ್ನು ನಮ್ಮವಳಲ್ಲವೆಂದರು. ವಾಂಟೇಜಿನ ಹಿರಿಯರು ಇವಳು ಪೂರ್ತಿ ನಮ್ಮವಳಾಗಲಿಲ್ಲವೆಂದು ನೊಂದರು. ಮಹಾರಾಷ್ಟ್ರವು ಬಹುಕಾಲ ಅವರನ್ನು ಮರೆತಿತ್ತು; ೧೯೮೯ರಲ್ಲಿ ಭಾರತ ಸರಕಾರವು ಅವರ ಅಂಚೆಚೀಟಿಯನ್ನು ಹೊರಡಿಸಿತು. ಕನ್ನಡಿಗರಾದ ನಾವೂ ಮನೆಮಾತು ಮರಾಠಿಯೆಂಬ ಕಾರಣದಿಂದಲೋ ಮತ ಬೇರೆಯೆಂಬ ಕಾರಣದಿಂದಲೋ ಅವರನ್ನು ನಮ್ಮ ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಅವರನ್ನು ಕನ್ನಡಿತಿಯೆಂದು ಸಾರಿ ಮರಾಠಿಗರಿಂದ ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ, ಇದೇ ಪುಣೆಯಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳನ್ನು ನಾಳೆ ಯಾರಾದರೂ ಮನೆಮಾತಿನ ಕಾರಣದಿಂದ ಹೊರಗಿನವರೆಂದರೆ ನಾವು ಏನು ಉತ್ತರ ಕೊಟ್ಟೇವು? ಹೋದ ಕಡೆ ಹೊಂದಿಕೊಂಡು ಬಾಳಬೇಕು, ಆದರೆ ಹೊಂದಿಕೊಳ್ಳುವುದಕ್ಕಾಗಿ ಸ್ವಂತ ನುಡಿಯನ್ನೂ ಸ್ವಂತ ಬುದ್ಧಿಯನ್ನೂ ಅಡವಿಡಬೇಕಾಗಿಲ್ಲ. ಇದನ್ನು ರಮಾಬಾಯಿಯವರು ಸಭೆಯೊಳಗೆ ನಲವತ್ತು ವರ್ಷ ನಡೆಸಿ ತೋರಿಸಿದರು. ಪರಊರಿನಲ್ಲಿರುವ ನಮಗೆ ಇದು ದಿನನಿತ್ಯದ ವಿಷಯ.

ಮುಂದಿನ ಸಲ ಊರಿಗೆ ಹೋಗುವಾಗ ಕೇಡಗಾಂವ ಬಂದಾಗ ಬುತ್ತಿಯನ್ನು ಒಂದು ಕ್ಷಣ ಬದಿಗಿಟ್ಟು ಮಕ್ಕಳಿಗೆ ಆ ನಿಲ್ದಾಣವನ್ನು ತೋರಿಸಿರಿ. ಗಂಗಾಮೂಲದ ಕಾಡಿನಿಂದ ಬುಟ್ಟಿಯಲ್ಲಿ ಇಳಿದು ಬಂದ ಮಗು ಇಲ್ಲಿ ಎರಡು ಸಾವಿರ ಮಂದಿಗೆ ಅನ್ನ, ಅಕ್ಷರ ಕೊಟ್ಟಿತೆಂದು ಹೇಳಿರಿ. ಯಾವ ಭಾಷೆಯಲ್ಲಿ ಹೇಳಿದರೂ ಸರಿ. ಕನ್ನಡದಲ್ಲಿ ಹೇಳಿದರೆ ಅವರಿಗೂ ತಿಳಿಯುತ್ತಿತ್ತು.